ನಿಮಗಿದು ಗೊತ್ತೇ? ಗುದ್ದಲಿ ಪೂಜೆಯಿಂದ ಗೃಹಪ್ರವೇಶದವರೆಗಿನ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಎರಡರಲ್ಲೂ ಹತ್ತಾರು ಬಗೆಯ ಕೆಲಸದವರು ಸರಿಯಾದ ಹೊತ್ತಿಗೆ, ಸರಿಯಾದ ಸರದಿಯಲ್ಲಿ ಬಂದು ನಿಲ್ಲಬೇಕು. ಒಬ್ಬರು ತಪ್ಪಿದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಈ ಸರದಿಯ ಲೆಕ್ಕ ಹುಟ್ಟಿದ್ದು ಹೇಗೆ, ಅದನ್ನು ನಂಬಿದವರಿಗೆ ಏನು ಸಿಕ್ಕಿತು, ಕಡೆಗಣಿಸಿದವರು ಏನು ತೆತ್ತರು ಎಂಬುದೇ ಈ ಸಲದ ಸಂಗತಿಗಳು.

● ಕಟ್ಟಡದ ಕೆಲಸದಲ್ಲಿ ಎಲ್ಲಕ್ಕಿಂತ ಉದ್ದದ ದಾರಿಯೇ ಎಲ್ಲಕ್ಕಿಂತ ಕಡಿಮೆ ಅವಧಿ! ಕೇಳಲು ವಿಚಿತ್ರ, ಲೆಕ್ಕ ಮಾತ್ರ ಸರಳ. ಪಾಯ, ಗೋಡೆ, ಮೋಲ್ಡ್, ಗಾರೆ, ನೆಲ, ಬಣ್ಣ ಒಂದರ ಬೆನ್ನಿಗೊಂದು ಆಗಬೇಕು. ಇವೆಲ್ಲ ಸೇರಿ 240 ದಿನ ಎಂದುಕೊಳ್ಳಿ. ಬಡಗಿ ಕಿಟಕಿ ಬಾಗಿಲು ಮಾಡಲು 60 ದಿನ ಬೇಕು, ಆದರೆ ಅದು ತನ್ನ ಪಾಡಿಗೆ ಪಕ್ಕದಲ್ಲಿ ನಡೆಯುತ್ತಿರುತ್ತದೆ. ಬಡಗಿ ಹತ್ತು ದಿನ ತಡ ಮಾಡಿದರೂ ಗೃಹಪ್ರವೇಶ ಅಲುಗುವುದಿಲ್ಲ. ಪಾಯ ಒಂದೇ ದಿನ ತಡವಾದರೂ ಗೃಹಪ್ರವೇಶ ಒಂದು ದಿನ ಮುಂದೆ ಹೋಗುತ್ತದೆ. ಯಾರ ಬೆನ್ನು ಹತ್ತಬೇಕು, ಯಾರನ್ನು ಸ್ವಲ್ಪ ಬಿಡಬಹುದು ಎಂದು ತೋರಿಸುವ ಈ ದಾರಿಗೆ ಎಂಜಿನಿಯರುಗಳು ಕ್ರಿಟಿಕಲ್ ಪಾತ್ ಎನ್ನುತ್ತಾರೆ.

● ಇದನ್ನು ಲೆಕ್ಕಕ್ಕೆ ಇಳಿಸಿದ್ದು ಕಟ್ಟಡ ಕಟ್ಟುವವರಲ್ಲ, ಒಂದು ರಾಸಾಯನಿಕ ಕಂಪನಿ. 1957ರಲ್ಲಿ ಅಮೆರಿಕದ ಡುಪಾಂಟ್‌ನ ಮೋರ್ಗನ್ ವಾಕರ್ ಮತ್ತು ಕಂಪ್ಯೂಟರ್ ಕಂಪನಿ ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲಿ ಸೇರಿ, ಕೋಣೆ ತುಂಬುವಷ್ಟು ದೊಡ್ಡ ಯುನಿವಾಕ್ ಕಂಪ್ಯೂಟರಿನಲ್ಲಿ ಈ ಲೆಕ್ಕ ಓಡಿಸಿದರು. ಲೂಯಿವಿಲ್ ಕಾರ್ಖಾನೆಯಲ್ಲಿ ದುರಸ್ತಿಗೆಂದು ಯಂತ್ರ ನಿಲ್ಲಿಸುತ್ತಿದ್ದ ಅವಧಿ 125 ಗಂಟೆಯಿಂದ 93ಕ್ಕೆ ಇಳಿಯಿತು.

● ಬೆಂಗಳೂರಿನವರು ಈ ಕ್ರಿಟಿಕಲ್ ಪಾತ್ ಅನ್ನು ಕಣ್ಣಾರೆ ಕಂಡಿದ್ದಾರೆ. ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಶಂಕುಸ್ಥಾಪನೆ ಆಯಿತು, 42.3 ಕಿಲೋಮೀಟರ್ ಪೂರ್ತಿ ಓಡಿದ್ದು 2017ರ ಜೂನ್‌ನಲ್ಲಿ. ಕಂಬದ ಮೇಲಿನ ದಾರಿಯೇ ಹೆಚ್ಚು, ನೆಲದಡಿ ಇದ್ದದ್ದು 9 ಕಿಲೋಮೀಟರಿಗೂ ಕಡಿಮೆ. ಆದರೆ ಆ ನೆಲದಡಿ ಒಂದು ಕಡೆ ಮಣ್ಣು, ಇನ್ನೊಂದು ಕಡೆ ಕಗ್ಗಲ್ಲು. ಒಮ್ಮೊಮ್ಮೆ ಸುರಂಗ ಕೊರೆಯುವ ಒಂದೇ ಮುಖದಲ್ಲಿ ಎರಡೂ. ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ 2014ರಲ್ಲೇ ರೈಲು ಓಡಿತ್ತು. ಮೆಜೆಸ್ಟಿಕ್ ಕೆಳಗಿನ ಸುರಂಗ ಮುಗಿದ ಮೇಲೆಯೇ ಯಲಚೇನಹಳ್ಳಿಯವರಿಗೆ ರೈಲು ಸಿಕ್ಕಿದ್ದು.

● ಗೋಡೆಗೆ ಅಂಟಿಸುವ ಅಡ್ಡಪಟ್ಟಿಗಳ ವೇಳಾಪಟ್ಟಿಗೆ ಗ್ಯಾಂಟ್ ಚಾರ್ಟ್ ಎಂಬ ಹೆಸರು ಬಂದದ್ದು ಅಮೆರಿಕದ ಹೆನ್ರಿ ಗ್ಯಾಂಟ್‌ನಿಂದ. ಪೋಲೆಂಡಿನ ಎಂಜಿನಿಯರ್ ಕರೋಲ್ ಆಡಮಿಯೆಟ್ಸ್ಕಿ 1896ರಷ್ಟು ಹಿಂದೆಯೇ ಅಂಥದ್ದನ್ನು ಮಾಡಿದ್ದ. ಅವನು ಅದನ್ನು ಅಚ್ಚು ಹಾಕಿಸಿದ್ದು 1931ರಲ್ಲಿ, ಅಷ್ಟರಲ್ಲಿ ಹೆಸರು ಗ್ಯಾಂಟನದಾಗಿತ್ತು.

● "ಗಾರೆ ಎಷ್ಟು ದಿನ ಮೇಸ್ತ್ರಿ?" ಎಂದು ಕೇಳುವಾಗ ಒಂದು ಉತ್ತರ ಕೇಳಬೇಡಿ, ಮೂರು ಕೇಳಿ. ಎಲ್ಲ ಚೆನ್ನಾಗಿ ನಡೆದರೆ ಎಷ್ಟು? ಸಾಮಾನ್ಯವಾಗಿ ಎಷ್ಟು? ಎಲ್ಲ ಕೆಟ್ಟರೆ ಎಷ್ಟು? 10, 14, 30 ಎಂದರು ಅನ್ನಿ. ನಡುವಿನದಕ್ಕೆ ನಾಲ್ಕು ಪಾಲು ತೂಕ ಕೊಟ್ಟು, ಮೂರನ್ನೂ ಕೂಡಿ ಆರರಿಂದ ಭಾಗಿಸಿದರೆ 16 ದಿನ ಬರುತ್ತದೆ. ಮೇಸ್ತ್ರಿಯ ಬಾಯಿಗೆ ಮೊದಲು ಬರುವ ಹತ್ತೂ ಅಲ್ಲ, ಹದಿನಾಲ್ಕೂ ಅಲ್ಲ. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಹುಟ್ಟಿಸಿದ ಈ ಪರ್ಟ್ ವಿಧಾನ ಎರಡು ಕೋಣೆಯ ಮನೆಗೂ ಹೊಂದುತ್ತದೆ.

● ಹತ್ತು ಕೆಲಸಗಳಿವೆ, ಪ್ರತಿಯೊಂದೂ ಹೊತ್ತಿಗೆ ಮುಗಿಯುವ ಸಾಧ್ಯತೆ ನೂರಕ್ಕೆ 90. ಹತ್ತೂ ಹೊತ್ತಿಗೆ ಮುಗಿಯುವ ಸಾಧ್ಯತೆ? ನೂರಕ್ಕೆ 35 ಮಾತ್ರ.

● ಮನುಷ್ಯ ತನ್ನ ಕೆಲಸದ ಅವಧಿಯನ್ನು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾನೆ, ಹಿಂದೆ ಹತ್ತು ಸಲ ತಪ್ಪಿದ್ದರೂ ಕೂಡ. ಇದಕ್ಕೆ 1979ರಲ್ಲಿ ಹೆಸರಿಟ್ಟವರು ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವೆರ್ಸ್ಕಿ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕು ಎಂದಿದ್ದರು, ಹಿಡಿದದ್ದು 55 ದಿನ. ಡೆನ್ಮಾರ್ಕಿನ ಬೆಂಟ್ ಫ್ಲೂಬ್ಯೆರ್ ಜಗತ್ತಿನ 16,000ಕ್ಕೂ ಹೆಚ್ಚು ದೊಡ್ಡ ಯೋಜನೆಗಳ ಲೆಕ್ಕ ಕೂಡಿಹಾಕಿದ್ದಾರೆ. ಹೇಳಿದ ದುಡ್ಡಿನಲ್ಲಿ, ಹೇಳಿದ ಹೊತ್ತಿಗೆ ಮುಗಿದವು ನೂರಕ್ಕೆ 8.5.

ಒಂದು ಮೋಲ್ಡ್‌ನ ದಿನ

● ಮೋಲ್ಡ್ ಹಾಕುವ ದಿನ ಎಲ್ಲಕ್ಕಿಂತ ದುಬಾರಿ ತಪ್ಪು ಯಾವುದು ಗೊತ್ತೇ? ಕಾಂಕ್ರೀಟಿನದಲ್ಲ, ಐವತ್ತು ರೂಪಾಯಿ ಪೈಪಿನದು. ನಮ್ಮ ಅಣ್ಣನ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆಲ್ಲ ಮಿಕ್ಸರ್ ಬಂದು ನಿಂತಿತ್ತು, ಜಲ್ಲಿ ಮರಳು ಅಳೆಯುವ ಪೆಟ್ಟಿಗೆ ಸಿದ್ಧ, ಬಾಂಡಲಿ ಹಿಡಿದ ಹದಿನೆಂಟು ಜನ ಸಾಲಾಗಿ ಕೂತಿದ್ದರು. ಮೇಸ್ತ್ರಿ ಮೇಲೆ ಹತ್ತಿ ಕಂಬಿಯ ಜಾಲದ ಮೇಲೆ ಒಂದು ಸುತ್ತು ಬಂದವರು ಮೂಲೆಯ ಕೋಣೆಯ ಮೇಲೆ ನಿಂತರು. "ಅಣ್ಣಾ, ಇಲ್ಲಿ ಕರೆಂಟಿನೋರು ಪೈಪೇ ಎಳ್ದಿಲ್ಲ, ಫ್ಯಾನ್ ಬಾಕ್ಸೂ ಇಟ್ಟಿಲ್ಲ." ಎಲೆಕ್ಟ್ರಿಷಿಯನ್ ಫೋನ್ ತೆಗೆಯಲಿಲ್ಲ. ಹದಿನೆಂಟು ಜನರ ಕೂಲಿ, ಮಿಕ್ಸರ್ ಬಾಡಿಗೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ಲಕ್ಷಣ. "ಹಾಕಿ ಬಿಡಿ ಮೇಸ್ತ್ರಿ, ಆಮೇಲೆ ನೋಡಿಕೊಳ್ಳೋಣ" ಎಂದುಬಿಟ್ಟ ಅಣ್ಣ. ಆಮೇಲೆ ನೋಡಿಕೊಂಡದ್ದು ಉಳಿಯಿಂದ. ಗಟ್ಟಿಯಾದ ಮೋಲ್ಡ್‌ನ ಅಡಿಗೆ ಎರಡು ದಿನ ಕೊರೆದು ಪೈಪು ಕೂರಿಸಿದರು. ಕೊರೆದ ಆ ಜಾಡಿನ ಉದ್ದಕ್ಕೂ ಇವತ್ತಿಗೂ ಸಣ್ಣ ಬಿರುಕಿದೆ.

ಹಿಂದಿನ ಸಂಜೆ ಹತ್ತು ನಿಮಿಷ ಮೇಲೆ ಹತ್ತಿ ಪೈಪು, ಬಾಕ್ಸು, ಬಚ್ಚಲಿನ ತೂತು, ಕಂಬಿಯ ಕೆಳಗಿನ ಕವರ್ ಬ್ಲಾಕ್ ಇಷ್ಟನ್ನು ನೋಡಿದ್ದರೆ ಸಾಕಿತ್ತು. ಮೋಲ್ಡ್ ಹಾಕಿಸುವ ಎಲ್ಲರಿಗೂ ನಾನು ಈಗ ಕಾಲು ಹಿಡಿದಾದರೂ ಹೇಳುವ ಮಾತು ಇದೊಂದೇ.

ಶುರು ಮಾಡುವ ಮುಂಚೆ

● ಸಿಡ್ನಿಯ ಒಪೆರಾ ಹೌಸ್‌ಗೆ ಹಾಕಿದ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, 1963ಕ್ಕೆ ಮುಗಿಯಬೇಕಿತ್ತು. ಮುಗಿದದ್ದು 1973ರಲ್ಲಿ, ತಗುಲಿದ್ದು 10 ಕೋಟಿ 20 ಲಕ್ಷ. ಚಿಪ್ಪಿನಂಥ ಆ ಚಾವಣಿಯನ್ನು ಹೇಗೆ ಕಟ್ಟುವುದೆಂದು ತೀರ್ಮಾನ ಆಗುವ ಮೊದಲೇ 1959ರಲ್ಲಿ ಕೆಳಗಿನ ಕಟ್ಟೆ ಶುರು ಮಾಡಿದ್ದರು. ಚಾವಣಿಯ ಲೆಕ್ಕ ಸಿಕ್ಕಾಗ ಕಟ್ಟೆಯ ಕಂಬಗಳಿಗೆ ಅದನ್ನು ಹೊರುವ ಶಕ್ತಿ ಇರಲಿಲ್ಲ. ಒಡೆದು ಮತ್ತೆ ಕಟ್ಟಬೇಕಾಯಿತು. ವಾಸ್ತುಶಿಲ್ಪಿ ಯೋನ್ ಉಟ್ಜನ್ 1966ರಲ್ಲಿ ಕೆಲಸ ಬಿಟ್ಟು ಹೋದವರು ಮುಗಿದ ಕಟ್ಟಡವನ್ನು ಕಣ್ಣಾರೆ ನೋಡಲೇ ಇಲ್ಲ.

● ಇದಕ್ಕೆ ತದ್ವಿರುದ್ಧ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ. 1930ರ ಮಾರ್ಚ್‌ನಲ್ಲಿ ಶುರು, 1931ರ ಮೇ 1ರಂದು ಉದ್ಘಾಟನೆ, 102 ಅಂತಸ್ತು. ಜೋರಾಗಿ ನಡೆದಾಗ ವಾರಕ್ಕೆ ನಾಲ್ಕೂವರೆ ಅಂತಸ್ತು ಏಳುತ್ತಿತ್ತು. ನಗರದ ನಡುವೆ ಸಾಮಾನು ಇಳಿಸಿಡಲು ಜಾಗವೇ ಇರಲಿಲ್ಲ. ಆದ್ದರಿಂದ ಉಕ್ಕಿನ ತೊಲೆ ಬಂದ ಕೂಡಲೇ ಮೇಲೇರುವಂತೆ ಲಾರಿಗಳ ಹೊತ್ತನ್ನೂ ಗೊತ್ತು ಮಾಡಿದ್ದರು. ಅಂತಸ್ತುಗಳ ಮೇಲೆ ಸಣ್ಣ ಹಳಿ ಹಾಕಿ ತಳ್ಳುಗಾಡಿ ಓಡಿಸಿದರು. ನನಗೆ ಎಲ್ಲಕ್ಕಿಂತ ಹಿಡಿಸುವುದು ಊಟದ ಏರ್ಪಾಡು: ಐದು ಮಹಡಿಗಳಲ್ಲಿ ಕ್ಯಾಂಟೀನ್ ಇತ್ತು. ಕೆಲಸಗಾರ ಊಟಕ್ಕೆಂದು ಅಷ್ಟೆತ್ತರದಿಂದ ಇಳಿದು ಹತ್ತಬೇಕಾಗಿರಲಿಲ್ಲ.

● ಚೀನಾದ ಚಾಂಗ್ಶಾದಲ್ಲಿ 2015ರಲ್ಲಿ 57 ಅಂತಸ್ತಿನ ಕಟ್ಟಡ 19 ಕೆಲಸದ ದಿನಗಳಲ್ಲಿ ಎದ್ದಿತು. ಆದರೆ ಅದರ ಬಿಡಿಭಾಗಗಳನ್ನು ಕಾರ್ಖಾನೆಯಲ್ಲಿ ಮಾಡಲು ತಿಂಗಳುಗಳೇ ಹಿಡಿದಿದ್ದವು. ಮನೆಯಲ್ಲಿ ಹಿಟ್ಟು ರುಬ್ಬಿ ಹುದುಗು ಬಂದಿದ್ದರೆ ಇಡ್ಲಿ ಬೇಯಲು ಹತ್ತು ನಿಮಿಷ.

● ಪನಾಮ ಕಾಲುವೆ ತೋಡಲು 1880ರ ದಶಕದಲ್ಲಿ ಫ್ರೆಂಚರು ನೇರವಾಗಿ ಗುದ್ದಲಿ ಹಿಡಿದರು. ಹಳದಿ ಜ್ವರ, ಮಲೇರಿಯಾಗಳಿಗೆ ಸುಮಾರು 20,000 ಜನ ಸತ್ತರು, ಕಂಪನಿ ದಿವಾಳಿಯಾಯಿತು. ಆಮೇಲೆ ಬಂದ ಅಮೆರಿಕದವರಲ್ಲಿ ಎಂಜಿನಿಯರ್ ಜಾನ್ ಸ್ಟೀವನ್ಸ್ 1905ರಲ್ಲಿ ಮಾಡಿದ ಮೊದಲ ಕೆಲಸ ಅಗೆತ ನಿಲ್ಲಿಸಿದ್ದು. ವೈದ್ಯ ವಿಲಿಯಂ ಗೋರ್ಗಸ್ ಚರಂಡಿ ಬರಿದು ಮಾಡಿಸಿ, ಹೊಗೆ ಹಾಕಿಸಿ, ಕಿಟಕಿಗೆ ಜಾಲರಿ ಕಟ್ಟಿಸಿ ಸೊಳ್ಳೆ ಅಡಗಿಸಿದ. ಮಣ್ಣು ಸಾಗಿಸಲು ರೈಲು ಸರಿಮಾಡಿದರು. ಅಗೆತ ಆಮೇಲೆ. 1914ರ ಆಗಸ್ಟ್ 15ರಂದು ಹಡಗು ದಾಟಿತು.

ನದಿ, ಮಣ್ಣು, ಪಕ್ಕದ ರಾಜ್ಯ

● ಕನ್ನಂಬಾಡಿ ಕಟ್ಟೆಯ ಪಾಯ, ಅನುಮತಿ ಸಿಕ್ಕಿದ್ದಕ್ಕಿಂತ ದೊಡ್ಡ ಕಟ್ಟೆಗೆ ಹಾಕಿದ್ದು! ಇದು ನಮ್ಮ ನಾಡಿನ ಕಟ್ಟಡ ಚರಿತ್ರೆಯಲ್ಲೇ ಎದೆಗಾರಿಕೆಯ ಲೆಕ್ಕ. ಮೈಸೂರು ಕೇಳಿದ್ದು ಸುಮಾರು 41.5 ಟಿಎಂಸಿ ನೀರು ನಿಲ್ಲಿಸುವ ಕಟ್ಟೆ. ಮದ್ರಾಸ್ ಸರ್ಕಾರ ಒಪ್ಪಿದ್ದು 11 ಟಿಎಂಸಿಗೆ. 1911ರಲ್ಲಿ ಕೆಲಸ ಶುರುವಾದಾಗ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್. ಪಾಯವನ್ನು ಮಾತ್ರ ದೊಡ್ಡ ಕಟ್ಟೆಗೆ ಬೇಕಾದ ಅಗಲಕ್ಕೇ ಹಾಕಿಸಿದರು. ಯೋಚಿಸಿ: ಸಣ್ಣ ಪಾಯದ ಮೇಲೆ ಮುಂದೆ ದೊಡ್ಡ ಕಟ್ಟೆ ಏರಿಸಲು ಬರುವುದಿಲ್ಲ, ದೊಡ್ಡ ಪಾಯದ ಮೇಲೆ ಸದ್ಯಕ್ಕೆ ಸಣ್ಣ ಕಟ್ಟೆ ನಿಲ್ಲಿಸಬಹುದು. ಮದ್ರಾಸ್ ತಕರಾರು ತೆಗೆಯಿತು, 1914ರಲ್ಲಿ ಮಧ್ಯಸ್ಥಿಕೆಯ ತೀರ್ಪು ಬಂತು, ಅದರ ಮೇಲೂ ಜಗಳ ನಡೆಯಿತು. ಕೊನೆಗೆ 1924ರ ಒಪ್ಪಂದ 44.8 ಟಿಎಂಸಿಗೆ ಒಪ್ಪಿಗೆ ಕೊಟ್ಟಿತು. ಅಷ್ಟೆತ್ತರಕ್ಕೆ ಏರಲು ಪಾಯ ಹದಿಮೂರು ವರ್ಷದಿಂದ ಕಾದಿತ್ತು. ಸಿಮೆಂಟ್ ಬದಲು ಇಟ್ಟಿಗೆ ಪುಡಿ, ಸುಣ್ಣ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಕಲ್ಲುಕಟ್ಟೆ ಮುಗಿದದ್ದು 1931ರ ಹೊತ್ತಿಗೆ. ಮಂಡ್ಯದ ಗದ್ದೆಗೆ ಇವತ್ತು ಹರಿಯುವ ನೀರಿನ ಹಿಂದೆ ಆ ಅಗಲದ ಪಾಯವಿದೆ.

● ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಣೆಕಟ್ಟು ಪೂರ್ತಿಯಾದದ್ದು 2005ರಲ್ಲಿ. ನದಿ ನೀರು ಹಂಚುವ ಬಚಾವತ್ ನ್ಯಾಯಮಂಡಳಿ, ಮುಳುಗಡೆ ಊರುಗಳು, ಹಣದ ಕೊರತೆ, ಎತ್ತರದ ವ್ಯಾಜ್ಯ ಒಂದಾದ ಮೇಲೊಂದು ಬಂದವು. ಬಾಗಲಕೋಟೆಯ ಎಷ್ಟೋ ಮನೆಗಳಲ್ಲಿ ಅಡಿಗಲ್ಲಿನ ದಿನ ಕೂಸಾಗಿದ್ದವರು ಮೊಮ್ಮಕ್ಕಳನ್ನು ಎತ್ತಿಕೊಂಡು ಊರು ಬಿಟ್ಟರು.

● ಕಾಂಕ್ರೀಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅಮೆರಿಕದ ಹೂವರ್ ಅಣೆಕಟ್ಟನ್ನು ಒಂದೇ ಮುದ್ದೆಯಾಗಿ ಸುರಿದಿದ್ದರೆ ಅದು ತಣ್ಣಗಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಿತ್ತು. ಅದಕ್ಕೇ ಅಚ್ಚುಗಳಾಗಿ ಒಡೆದು, ಒಳಗೆ ಕೊಳವೆ ಹೂತು ತಣ್ಣೀರು ಹರಿಸಿದರು. ಕೆಲಸ ಹೇಳಿದ್ದಕ್ಕಿಂತ ಎರಡು ವರ್ಷ ಮೊದಲೇ ಮುಗಿಯಿತು.

● ಕೊಂಕಣ ರೈಲ್ವೆಯ ಕಚೇರಿಗಳಲ್ಲಿ ಹಿಂದಕ್ಕೆ ಎಣಿಸುವ ಗಡಿಯಾರ ಇತ್ತು: ಮುಗಿಯಲು ಇನ್ನೆಷ್ಟು ದಿನ ಉಳಿದಿದೆ ಎಂದಷ್ಟೇ ತೋರಿಸುವಂಥದ್ದು. ಹಾಕಿಸಿದವರು ಇ. ಶ್ರೀಧರನ್. ರೋಹಾದಿಂದ ಮಂಗಳೂರು ಪಕ್ಕದ ತೋಕೂರಿನವರೆಗಿನ ದಾರಿಯನ್ನು ಸುಮಾರು ನೂರು ನೂರು ಕಿಲೋಮೀಟರಿನ ಏಳು ತುಂಡು ಮಾಡಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ಕೂರಿಸಿ ಎಲ್ಲ ಕಡೆ ಒಟ್ಟಿಗೆ ಕೆಲಸ ಹಿಡಿದರು. ಕಾರವಾರ, ಉಡುಪಿ ನಮ್ಮ ಪಾಲಿನ ತುಂಡುಗಳು. ಎಲ್ಲಕ್ಕಿಂತ ಉದ್ದದ ಸೇತುವೆಯೂ ನಮ್ಮದೇ: ಹೊನ್ನಾವರದಲ್ಲಿ ಶರಾವತಿಯ ಮೇಲೆ, ಎರಡು ಕಿಲೋಮೀಟರಿಗೂ ಮಿಕ್ಕಿ.

ಕಗ್ಗಲ್ಲು ಕೊರೆಯುವುದು ಕಷ್ಟ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಕೊಂಕಣದಲ್ಲಿ ಕಾಡಿದ್ದು ಮೆತ್ತನೆ ಮಣ್ಣು. ನೀರು ಕುಡಿದ ಜೇಡಿ ಅಗೆದಷ್ಟೂ ಕುಸಿಯುತ್ತಿತ್ತು. ಅಂಥ ಒಂಬತ್ತು ಸುರಂಗಗಳೇ ವರ್ಷಗಟ್ಟಲೆ ಸಮಯ ನುಂಗಿದವು; ಗೋವಾದ ಪೆರ್ನೆಂ ಸುರಂಗ ಕೊನೆಯವರೆಗೂ ಸತಾಯಿಸಿತು. ಐದು ವರ್ಷದಲ್ಲಿ ಮುಗಿಸಬೇಕೆಂದಿದ್ದ ದಾರಿ 1998ರ ಜನವರಿ 26ರಂದು ಲೋಕಾರ್ಪಣೆಯಾಯಿತು. ಈ ದಾರಿ ಕಟ್ಟುವಾಗ 74 ಜನ ಸತ್ತಿದ್ದಾರೆ. ಮಂಗಳೂರಿನಿಂದ ಮುಂಬೈಗೆ ಕಿಟಕಿ ಪಕ್ಕ ಕೂತು ಹೋಗುವಾಗ ಪ್ರತಿ ಸುರಂಗದ ಕತ್ತಲಲ್ಲೂ ನನಗೆ ಆ ಎಣಿಕೆ ನೆನಪಾಗುತ್ತದೆ.

● ಬಯಲುಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಗೋಡೆಯೂ ಜೊತೆಗೆ ಬಿರಿಯುತ್ತದೆ. ಇದಕ್ಕೆ ತಳದಲ್ಲಿ ಗಂಟೆಯಂತೆ ಅಗಲವಾಗುವ ಕಂಬದ ಪಾಯ ಹುಡುಕಿ ಕೊಟ್ಟದ್ದು ನಮ್ಮದೇ ದೇಶದ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ.

● ಪೀಸಾದ ಓರೆ ಗೋಪುರ ಇವತ್ತಿಗೂ ನಿಂತಿರುವುದು ಕೆಲಸ ತಡವಾದದ್ದರಿಂದ! 1173ರಲ್ಲಿ ಶುರುವಾದ ಗೋಪುರ ಯುದ್ಧಗಳ ಕಾರಣ ದಶಕಗಟ್ಟಲೆ ನಿಂತು ನಿಂತು ಏರಿತು. ಆ ಬಿಡುವಿನಲ್ಲಿ ಅಡಿಯ ಮೆತ್ತನೆ ಜೇಡಿ ಒತ್ತಿಕೊಂಡು ಬಿಗಿಯಾಯಿತು. ಒಂದೇ ಉಸಿರಿಗೆ ಕಟ್ಟಿದ್ದರೆ ಅಂದೇ ಉರುಳುತ್ತಿತ್ತು ಎನ್ನುತ್ತಾರೆ ಮಣ್ಣಿನ ತಜ್ಞರು.

ಒಂದು ತಂತಿ, 75 ಜೀವ

● ಕೆನಡಾದ ಕ್ವಿಬೆಕ್ ಸೇತುವೆ. ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹಿಗ್ಗಿಸಿದರು, ತೂಕದ ಲೆಕ್ಕವನ್ನು ಮಾತ್ರ ಸರಿಯಾಗಿ ಮತ್ತೆ ಹಾಕಲಿಲ್ಲ. 1907ರ ಬೇಸಿಗೆಯಲ್ಲಿ ಕೆಳಗಿನ ಉಕ್ಕಿನ ತೊಲೆಗಳು ಬಾಗತೊಡಗಿದವು. ಸ್ಥಳದಲ್ಲಿದ್ದ ಕಿರಿಯ ಎಂಜಿನಿಯರ್ ನಾರ್ಮನ್ ಮೆಕ್ಲೂರ್ ಅಳೆದು, ಗಾಬರಿಯಾಗಿ, ರೈಲು ಹತ್ತಿ ನ್ಯೂಯಾರ್ಕಿನಲ್ಲಿದ್ದ ಸಲಹೆಗಾರ ಥಿಯೊಡೋರ್ ಕೂಪರ್ ಬಳಿಗೆ ಹೋದ. ಆಗಸ್ಟ್ 29ರಂದು ಕೂಪರ್ ಇನ್ನು ತೂಕ ಹೇರಬೇಡಿ ಎಂದು ತಂತಿ ಕಳಿಸಿದ. ಆದರೆ ಕಳಿಸಿದ್ದು ಪೆನ್ಸಿಲ್ವೇನಿಯಾದ ಗುತ್ತಿಗೆ ಕಂಪನಿಯ ಕಚೇರಿಗೆ, ಸೇತುವೆಯ ಜಾಗಕ್ಕಲ್ಲ. ಅಲ್ಲಿ ಕೆಲಸ ನಡೆದೇ ಇತ್ತು. ಸಂಜೆ ಕೆಲಸ ಬಿಡುವ ಹೊತ್ತಿಗೆ ಸೇತುವೆ ಕುಸಿದು 75 ಜನ ಸತ್ತರು. ಅವರಲ್ಲಿ 33 ಜನ ಕಾನವಾಗೆ ಎಂಬ ಒಂದೇ ಊರಿನ ಮೊಹಾಕ್ ಬುಡಕಟ್ಟಿನವರು.

ಅಪಾಯ ಮೊದಲು ಕಾಣುವುದು ಸ್ಥಳದಲ್ಲಿ ನಿಂತವನಿಗೆ. ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಸೆಂಟ್ರಿಂಗ್ ಹುಡುಗರ ನೆನಪು. ಆಸರೆ ಅಲುಗುತ್ತಿದೆ ಎಂದು ಅವರು ಹೇಳಿದರೆ ಕೇಳುವ ಕಿವಿ ಎಷ್ಟು ಕಡೆ ಇದೆ?

● ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಂತಿಯಲ್ಲಿ ಗುತ್ತಿಗೆದಾರ ಮೋಸ ಮಾಡಿದ್ದು 1878ರಲ್ಲಿ ಬಯಲಾಯಿತು. ಕಳಪೆ ತಂತಿ ಆಗಲೇ ಹಗ್ಗದೊಳಗೆ ಸೇರಿಹೋಗಿತ್ತು, ಕೀಳಲು ಬರುವಂತಿರಲಿಲ್ಲ. ಆದರೆ ಸೇತುವೆಯ ಎಂಜಿನಿಯರ್ ರೋಬ್ಲಿಂಗ್ ಬೇಕಾದ್ದಕ್ಕಿಂತ ಆರು ಪಟ್ಟು ಬಲಕ್ಕೆ ಲೆಕ್ಕ ಹಾಕಿದ್ದ. ಒಂದೊಂದು ಹಗ್ಗಕ್ಕೂ ಸುಮಾರು 150 ಒಳ್ಳೆಯ ತಂತಿ ಹೆಚ್ಚಿಗೆ ಸೇರಿಸಿದರು. 1883ರಿಂದ ಸೇತುವೆ ಜನರನ್ನು ದಾಟಿಸುತ್ತಲೇ ಇದೆ.

● ಬರ್ಲಿನ್‌ನ ಹೊಸ ವಿಮಾನ ನಿಲ್ದಾಣ 2012ರ ಜೂನ್ 3ರಂದು ತೆರೆಯಬೇಕಿತ್ತು. ಇನ್ನೇನು ಕೆಲವೇ ವಾರವಿದೆ ಎನ್ನುವಾಗ, ಬೆಂಕಿ ಬಿದ್ದರೆ ಹೊಗೆ ಹೊರಹಾಕುವ ವ್ಯವಸ್ಥೆ ಸರಿಯಿಲ್ಲವೆಂದು ತಡೆದರು. ತೆರೆದದ್ದು 2020ರ ಅಕ್ಟೋಬರ್ 31ರಂದು.

ನಿಮ್ಮ ಕೈಯಲ್ಲಿರುವುದು

● ಫ್ಲಾಟ್ ಕಟ್ಟುವ ಬಿಲ್ಡರ್, ಖರೀದಿದಾರರಿಂದ ಪಡೆದ ಹಣದಲ್ಲಿ ನೂರಕ್ಕೆ 70 ಭಾಗವನ್ನು ಬೇರೆ ಖಾತೆಯಲ್ಲಿ ಇಟ್ಟು ಆ ಯೋಜನೆಗೇ ಬಳಸಬೇಕು ಎನ್ನುತ್ತದೆ 2016ರ ರೇರಾ ಕಾಯ್ದೆ. ಮುಗಿಸುವ ತಾರೀಖನ್ನು ಮೊದಲೇ ನೋಂದಾಯಿಸಬೇಕು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ಮನೆ ಒಪ್ಪಿಸಿದ ಐದು ವರ್ಷದವರೆಗೆ ಅವರದೇ ಹೊಣೆ.

● ತಡವಾದರೆ ದಿನಕ್ಕೆ ಇಂತಿಷ್ಟು ದಂಡ ಎಂದು ಕರಾರಿನಲ್ಲಿ ಬರೆಸಿದ್ದೀರಾ? 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದಷ್ಟೂ ಸಿಗಲೇಬೇಕೆಂದಿಲ್ಲ. ಬರೆದದ್ದು ಮೇಲ್ಮಿತಿ, ಅದರೊಳಗೆ ನ್ಯಾಯವಾದಷ್ಟು ಪರಿಹಾರ.

● ಯುಗಾದಿಗೆ ಬೆಂಗಳೂರಿನ ಎಷ್ಟೋ ಕಟ್ಟಡಗಳು ಸದ್ದಿಲ್ಲದೆ ನಿಲ್ಲುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದ ಕೂಲಿಯವರು ಊರಿಗೆ ಹೋಗಿರುತ್ತಾರೆ. ಮಳೆ ಬಿದ್ದರೆ ಬಿತ್ತನೆಗೂ ಹೋಗುತ್ತಾರೆ. ಮಳೆಗಾಲದಲ್ಲಿ ಇಟ್ಟಿಗೆ ಗೂಡೂ ನಿಲ್ಲುತ್ತದೆ. ಇವೆಲ್ಲ ಪ್ರತಿ ವರ್ಷ ಬರುವಂಥವು, ಕ್ಯಾಲೆಂಡರಿನಲ್ಲೇ ಇರುವಂಥವು. ಆದರೂ ವೇಳಾಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಇನ್ನೊಂದು ಮಾತು: ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ನಿಮ್ಮ ಮನೆ ಕೆಲಸದವರಿಗೆ ಇದು ಗೊತ್ತಿದೆಯೇ ಕೇಳಿ.

● ಸಿಮೆಂಟ್ ಅಗ್ಗಕ್ಕೆ ಸಿಕ್ಕಿತೆಂದು ಮೂರು ತಿಂಗಳು ಮೊದಲೇ ತಂದು ಪೇರಿಸಿದರೆ ಅದರ ಬಲ ಸುಮಾರು ಐದರಲ್ಲಿ ಒಂದು ಪಾಲು ಇಳಿದಿರುತ್ತದೆ.

● ಮೋಲ್ಡ್ ಅಡಿಯ ಆಸರೆ ಎಂದು ಬಿಚ್ಚಬೇಕು? ಭಾರತೀಯ ಮಾನಕ ಐಎಸ್ 456 ಹೇಳುವಂತೆ, ಸಾಧಾರಣ ಸಿಮೆಂಟ್ ಹಾಕಿ, ಹವೆ ತೀರ ತಣ್ಣಗಿಲ್ಲದಿದ್ದರೆ, ನಾಲ್ಕೂವರೆ ಮೀಟರ್ ಒಳಗಿನ ಅಗಲದ ಚಾವಣಿಗೆ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ. ತೊಲೆ ಆರು ಮೀಟರ್ ಒಳಗಿದ್ದರೆ 14 ದಿನ, ಮೀರಿದರೆ 21 ದಿನ. ಬೇರೆ ಬಗೆಯ ಸಿಮೆಂಟ್‌ಗೆ ಇನ್ನೂ ಹೆಚ್ಚು ಬೇಕು. ಆಸರೆಯ ಹಲಗೆ, ಜಾಕಿಗಳಿಗೆ ದಿನದ ಬಾಡಿಗೆ ಇರುವುದರಿಂದ ಬಿಚ್ಚುವ ಅವಸರ ಎಲ್ಲರಿಗೂ. ಒಳ್ಳೆಯ ಮೇಸ್ತ್ರಿಗಳು ಕಾಂಕ್ರೀಟ್ ಹಾಕಿದ ತಾರೀಖನ್ನು ಕಂಬದ ಮೇಲೇ ಬರೆದಿಡುತ್ತಾರೆ.

ನಮ್ಮ ಬೀದಿಯ ತುದಿಯಲ್ಲೊಂದು ಮನೆ ಏಳುತ್ತಿದೆ. ಕಂಬಗಳಿಗೆ ಗೋಣಿಚೀಲ ಸುತ್ತಿ, ಮೇಲೊಂದು ಕಡೆ ಕೆಂಪು ಬಣ್ಣದಲ್ಲಿ ತಾರೀಖು ಬರೆದಿದ್ದಾರೆ. ದಿನಾ ಬೆಳಿಗ್ಗೆ ವಾಚ್‌ಮನ್ ಹೆಂಡತಿ ಪೈಪು ಹಿಡಿದು ನೀರು ಬಿಡುತ್ತಾರೆ. "ಇನ್ನೂ ಎಷ್ಟು ದಿನ ಅಕ್ಕಾ?" ಎಂದು ಕೇಳಿದೆ. ಅವರು ಪೈಪು ಕೆಳಗಿಟ್ಟು, ಕಂಬದ ಮೇಲಿನ ತಾರೀಖು ನೋಡಿ ಬೆರಳು ಮಡಚಿ ಎಣಿಸಿದರು. "ಇನ್ನಾ ನಾಕ್ ದಿನ ಐತ್ರಿ" ಎಂದು ಮತ್ತೆ ಪೈಪು ಎತ್ತಿಕೊಂಡರು.